ಸೋರಿಕೆ ಎಚ್ಚರಿಕೆ ಕೊಡುತ್ತಿದ್ದ ಡಿಶ್‌ವಾಶರ್: ನೆಲ ಒಣಗಿತ್ತು, ನೀರು ಎಲ್ಲಿಂದ ಬಂತು?

ಡಿಶ್‌ವಾಶರ್‌ನಲ್ಲಿ ಸೋರಿಕೆಯ ಎಚ್ಚರಿಕೆ ಬಂತೆಂದರೆ ಅದು ಹೇಳುವುದು ಒಂದೇ ಮಾತು: ತಳದ ಟ್ರೇಯಲ್ಲಿ ನೀರು ಸೇರಿದೆ. ಆ ನೀರು ಎಲ್ಲಿಂದ ಬಂತು, ಯಾವತ್ತು ಬಂತು ಅನ್ನುವುದು ಮೆಷಿನ್‌ಗೆ ಗೊತ್ತಿರುವುದಿಲ್ಲ. ಇದನ್ನು ಮರೆತರೆ ಟ್ರೇ ಒಣಗಿಸು, ಓಡಿಸು, ಮತ್ತೆ ಎಚ್ಚರಿಕೆ, ಮತ್ತೆ ಒಣಗಿಸು ಅನ್ನುವ ಸುತ್ತಿಗೆ ಬೀಳುತ್ತೇವೆ. ಅಕ್ಕನ ಮನೆಯ ಮೆಷಿನ್ ಆ ಸುತ್ತಿನಲ್ಲೇ ಸಿಕ್ಕಿಕೊಂಡಿತ್ತು. ಕಾರಣ ಕೊನೆಗೆ ಸಿಕ್ಕಿದ್ದು ಯಾರೂ ಮೊದಲು ನೋಡದ ಜಾಗದಲ್ಲಿ. ಹುಡುಕಿದ ದಾರಿ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು ಅಂತ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಸಮಸ್ಯೆ ಇದ್ದದ್ದು ಹೀಗೆ

ಕೆಲವು ವರ್ಷ ಹಳೆಯ ಮೆಷಿನ್. ಅಡುಗೆಮನೆಯ ಕಟ್ಟೆಯ ಕೆಳಗೆ ನಿಂತಿತ್ತು, ಗೋಡೆಗೆ ಕಟ್ಟಿ ಕೂರಿಸಿದ್ದಲ್ಲ, ಮುಂದಕ್ಕೆ ಎಳೆಯಬಹುದಿತ್ತು. ಪಾತ್ರೆ ಚೆನ್ನಾಗೇ ತೊಳೆಯುತ್ತಿತ್ತು. ಆದರೆ ಆಗಾಗ ನಡುವೆ ನಿಂತು ಪರದೆಯ ಮೇಲೆ ಎಚ್ಚರಿಕೆಯ ಸಂಕೇತ ತೋರಿಸುತ್ತಿತ್ತು. ಜೊತೆಗೆ ಒಳಗಿನ ಪಂಪು ಗುಂಯ್ ಅನ್ನುತ್ತಲೇ ಇರುತ್ತಿತ್ತು. ಬಟನ್ ಒತ್ತಿ ಆಫ್ ಮಾಡಿದರೂ ಆ ಸದ್ದು ನಿಲ್ಲುತ್ತಿರಲಿಲ್ಲ.

"ನೆಲದ ಮೇಲೆ ಒಂದು ಹನಿಯೂ ಇಲ್ಲ ಕಣೋ. ಸೋರ್ತಿದೆ ಅಂತ ಯಾಕೆ ಹೇಳುತ್ತೆ ಇದು?" ಅಂತ ಅಕ್ಕ ಕೇಳಿದಳು.

ನಾನು ಹೋಗುವ ಮೊದಲೇ ಎರಡು ಕೆಲಸ ಆಗಿದ್ದವು. ಭಾವ ಮೆಷಿನ್ನನ್ನು ಹಿಂದಕ್ಕೆ ವಾಲಿಸಿ ನೀರು ಹೊರಗೆ ಬಿಟ್ಟಿದ್ದರು. ಎಚ್ಚರಿಕೆ ಹೋಯಿತು, ಸ್ವಲ್ಪ ದಿನ ಚೆನ್ನಾಗಿ ಓಡಿತು, ಮತ್ತೆ ಬಂತು. ಆಮೇಲೆ ರಿಪೇರಿಗೆ ಬಂದವರೊಬ್ಬರು ನೆಲ ಒಣಗಿರುವುದನ್ನು ನೋಡಿ "ಸೆನ್ಸರ್ ಹೋಗಿದೆ, ಬದಲಿಸೋಣ" ಅಂದಿದ್ದರು. ಅಕ್ಕ ಅದಕ್ಕೆ ಇನ್ನೂ ಒಪ್ಪಿರಲಿಲ್ಲ. ವಾಲಿಸಿದಾಗ ನೀರು ಬಂದದ್ದನ್ನು ಅವಳೇ ಕಣ್ಣಾರೆ ನೋಡಿದ್ದಳು. ನೀರು ಇದ್ದದ್ದು ನಿಜವಾದರೆ ಸೆನ್ಸರ್ ಸುಳ್ಳು ಹೇಳಿಲ್ಲ ಅಂತ ಆಯಿತಲ್ವಾ?

ಎಚ್ಚರಿಕೆಯ ಹಿಂದೆ ಇರುವ ಏರ್ಪಾಟು

ಪಾತ್ರೆ ತೊಳೆಯುವ ಸ್ಟೀಲಿನ ತೊಟ್ಟಿಯ ಕೆಳಗೆ ಪಂಪು, ವಾಲ್ವು, ಪೈಪುಗಳು ಇರುತ್ತವೆ. ಅವೆಲ್ಲದರ ಕೆಳಗೆ ಅಗಲವಾದ ಒಂದು ಟ್ರೇ. ಮೇಲಿಂದ ಏನೇ ಸೋರಿದರೂ ಅದರಲ್ಲಿ ಸೇರುತ್ತದೆ. ನೆಲ ಒದ್ದೆ ಆಗದೇ ಇರುವುದಕ್ಕೆ ಇದೇ ಕಾರಣ. ಟ್ರೇಯೊಳಗೆ ಥರ್ಮಾಕೋಲ್‌ನಂಥ ಹಗುರ ವಸ್ತುವಿನ ಒಂದು ಫ್ಲೋಟ್ ಕೂತಿರುತ್ತದೆ. ನೀರು ಏರಿದರೆ ಅದು ತೇಲಿ ಮೇಲೆ ಬಂದು ಒಂದು ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ. ಸ್ವಿಚ್ಚು ಒತ್ತಿದ ಕೂಡಲೇ ಮೆಷಿನ್ ಒಳಬರುವ ನೀರನ್ನು ಮುಚ್ಚಿ, ಡ್ರೈನ್ ಪಂಪು ಓಡಿಸಿ, ಸಂಕೇತ ತೋರಿಸುತ್ತದೆ. ಬಾಷ್ ಮತ್ತು ಸೀಮೆನ್ಸ್ ಮೆಷಿನ್‌ಗಳಲ್ಲಿ ಇದು ಇ15, ಎಇಜಿ ಮತ್ತು ಎಲೆಕ್ಟ್ರೋಲಕ್ಸ್‌ನಲ್ಲಿ ಐ30, ಎಲ್‌ಜಿಯಲ್ಲಿ ಎಇ. ಸಂಕೇತ ಬೇರೆ ಬೇರೆ ಆದರೂ ಒಳಗಿನ ಏರ್ಪಾಟು ಹೆಚ್ಚುಕಮ್ಮಿ ಒಂದೇ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಆ ಡ್ರೈನ್ ಪಂಪು ಹೊರಹಾಕುವುದು ತೊಟ್ಟಿಯ ನೀರನ್ನು ಮಾತ್ರ. ತಳದ ಟ್ರೇಗೂ ಅದಕ್ಕೂ ಸಂಬಂಧವೇ ಇಲ್ಲ. ಪಂಪಿನ ಸದ್ದು ಕೇಳಿ "ನೀರು ಹೋಗ್ತಾ ಇದೆ, ಇನ್ನು ಸರಿಯಾಗುತ್ತೆ" ಅಂತ ಕಾದು ಕೂತರೆ ಪ್ರಯೋಜನ ಇಲ್ಲ. ಟ್ರೇಯ ನೀರನ್ನು ಕೈಯಾರೆ ತೆಗೆಯಬೇಕು, ಇಲ್ಲವೇ ತಾನಾಗಿ ಆರುವವರೆಗೆ ಬಿಡಬೇಕು.

ಮೊದಲು ಮಾಡಿದ್ದು

ನಲ್ಲಿ ಮುಚ್ಚಿದೆವು. ಪ್ಲಗ್ಗು ಕಿತ್ತೆವು. ಬಟನ್ ಆಫ್ ಮಾಡಿದ್ದು ಸಾಲದು, ಯಾಕೆಂದರೆ ಎಚ್ಚರಿಕೆಯ ಸ್ಥಿತಿಯಲ್ಲಿ ಪಂಪಿಗೆ ಕರೆಂಟು ಹೋಗುತ್ತಲೇ ಇರುತ್ತದೆ. ನೀರೂ ಕರೆಂಟೂ ಒಂದೇ ಪೆಟ್ಟಿಗೆಯಲ್ಲಿ ಇರುವಾಗ ಇದರಲ್ಲಿ ರಾಜಿ ಬೇಡ. ಮೆಷಿನ್‌ನಿಂದ ಸುಟ್ಟ ವಾಸನೆ ಬಂದರೆ, ಓಡಿಸಿದಾಗ ಮನೆಯ ಮೇನ್ ಬಿದ್ದುಹೋಗುತ್ತಿದ್ದರೆ, ವೈರು ಸೇರುವ ಜಾಗ ಒದ್ದೆಯಾಗಿದ್ದರೆ ಮನೆಯಲ್ಲಿ ಹುಡುಕುವ ಕೆಲಸವನ್ನು ಅಲ್ಲಿಗೇ ಬಿಟ್ಟು ತಿಳಿದವರನ್ನು ಕರೆಯಬೇಕು. ವಾರಂಟಿ ಇದ್ದರೂ ಅಷ್ಟೇ, ಸ್ಕ್ರೂ ಬಿಚ್ಚುವ ಮೊದಲು ಕಂಪನಿಗೆ ಫೋನ್ ಮಾಡುವುದೇ ಒಳ್ಳೆಯದು.

ಈ ಸಲ ವಾಲಿಸಲಿಲ್ಲ. ವಾಲಿಸಿದರೆ ನೀರು ಟ್ರೇಯ ತುಂಬಾ ಓಡಾಡಿ ಎಲ್ಲ ಗುರುತುಗಳನ್ನೂ ಅಳಿಸಿಬಿಡುತ್ತದೆ. ಒದ್ದೆ ಆಗಬಾರದ ವೈರುಗಳ ಮೇಲೆ ಹೋಗುವ ಅಪಾಯವೂ ಉಂಟು. ಮುಂದಕ್ಕಂತೂ ವಾಲಿಸಲೇಬಾರದು, ಎಷ್ಟೋ ಮೆಷಿನ್‌ಗಳಲ್ಲಿ ಎಲೆಕ್ಟ್ರಾನಿಕ್ ಬೋರ್ಡು ಬಾಗಿಲಲ್ಲೇ ಇರುತ್ತದೆ. ಬಾಗಿಲ ಕೆಳಗೆ ನೆಲದ ಹತ್ತಿರ ಇರುವ ಮುಚ್ಚುಹಲಗೆಯ ಸ್ಕ್ರೂ ಬಿಚ್ಚಿ ತೆಗೆದೆವು. ಟಾರ್ಚು ಬಿಟ್ಟು ನೋಡಿದರೆ ಟ್ರೇ, ಅದರೊಳಗೆ ಬೆರಳು ಮುಳುಗುವಷ್ಟೂ ಇಲ್ಲದ ತೆಳ್ಳನೆಯ ನೀರು, ಫ್ಲೋಟ್ ಎಲ್ಲ ಕಾಣಿಸಿದವು. ಟ್ರೇಯ ಅಂಚುಗಳು ಹರಿತವಾಗಿರುತ್ತವೆ, ದಪ್ಪ ಕೈಗವಸು ಹಾಕಿಕೊಳ್ಳಬೇಕು. ಸ್ಪಂಜು, ಹಳೆ ಬಟ್ಟೆ ಬಳಸಿ ನೀರು ಹೀರಿ ತೆಗೆದೆವು.

ಒರೆಸುವ ಮೊದಲು ನೀರನ್ನು ನೋಡಿದ್ದು ಒಳ್ಳೆಯದಾಯಿತು. ಸ್ವಲ್ಪ ಮಬ್ಬಾಗಿತ್ತು, ಬೆರಳಿಗೆ ಜಾರು ಜಾರು ಅನ್ನಿಸುತ್ತಿತ್ತು. ಅಂದರೆ ಅದು ಪಾತ್ರೆ ತೊಳೆದ ನೀರು. ನಲ್ಲಿಯಿಂದ ನೇರವಾಗಿ ಬಂದ ನೀರಾಗಿದ್ದರೆ ತಿಳಿಯಾಗಿರಬೇಕಿತ್ತು. ಈ ಒಂದೇ ಗುರುತಿನಿಂದ ಒಳಬರುವ ಪೈಪು ಮತ್ತು ಅದರ ವಾಲ್ವಿನ ಮೇಲಿನ ಅನುಮಾನ ಬಹಳ ಕಡಿಮೆ ಆಯಿತು.

ಸೆನ್ಸರ್ ವಿಷಯವನ್ನೂ ಅಲ್ಲೇ ಮುಗಿಸಿದೆವು. ಫ್ಲೋಟನ್ನು ಬೆರಳಿಂದ ಎತ್ತಿದರೆ ಟಿಕ್ ಅಂತ ಸದ್ದು, ಬಿಟ್ಟರೆ ತಾನಾಗಿ ಕೆಳಗೆ ಕೂರುತ್ತಿತ್ತು. ಟ್ರೇ ಒಣಗಿದ ಮೇಲೆ ಪ್ಲಗ್ಗು ಹಾಕಿದಾಗ ಎಚ್ಚರಿಕೆ ಇರಲಿಲ್ಲ. ಇದಕ್ಕಿಂತ ಬೇರೆ ಪರೀಕ್ಷೆ ಬೇಡ. ಟ್ರೇ ಪೂರ್ತಿ ಒಣಗಿದ್ದೂ ಎಚ್ಚರಿಕೆ ಬರುತ್ತಿದ್ದರೆ ಮಾತ್ರ ಫ್ಲೋಟ್ ಸಿಕ್ಕಿಕೊಂಡಿದೆಯಾ, ಸ್ವಿಚ್ಚು ಕೆಟ್ಟಿದೆಯಾ ಅಂತ ನೋಡಬೇಕು. ಆ ಸ್ವಿಚ್ಚಿನ ವೈರು ಕಿತ್ತುಹಾಕಿ ಮೆಷಿನ್ ಓಡಿಸಿ ಅಂತ ಸಲಹೆ ಕೊಡುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೋರಿದ ನೀರು ಹೆಚ್ಚಾದಾಗ ನಿಲ್ಲಿಸುವವರು ಯಾರೂ ಇಲ್ಲದಂತೆ ಆಗುತ್ತದೆ.

ಯಾವ ಹೊತ್ತಿನಲ್ಲಿ ಸೋರುತ್ತದೆ?

ಸೋರುವ ಜಾಗಗಳ ಪಟ್ಟಿ ಉದ್ದ ಇದೆ. ಬಾಗಿಲ ರಬ್ಬರ್, ಪಂಪಿನ ಸೀಲು, ತೊಟ್ಟಿಯ ತಳದ ಗ್ಯಾಸ್ಕೆಟ್, ಡ್ರೈನ್ ಪೈಪು, ಪೈಪಿನ ಕ್ಲಿಪ್ಪು, ಪಕ್ಕದ ನೀರಿನ ಡಬ್ಬಿ, ಹೀಗೆ. ಒಂದೊಂದನ್ನೇ ಬಿಚ್ಚುತ್ತಾ ಹೋಗುವುದಕ್ಕಿಂತ ಹೊತ್ತನ್ನು ಹಿಡಿಯುವುದು ಸುಲಭ. ಮೆಷಿನ್ ಆಫ್ ಇದ್ದು ನಲ್ಲಿ ಮಾತ್ರ ತೆರೆದಿದ್ದಾಗ ಸೋರಿದರೆ ಒಳಬರುವ ಪೈಪು ಅಥವಾ ವಾಲ್ವು. ತೊಟ್ಟಿಯಲ್ಲಿ ಸುಮ್ನೆ ನಿಂತ ನೀರು ಸೋರಿದರೆ ತಳದ ಗ್ಯಾಸ್ಕೆಟ್. ನೀರು ಹೊರಹೋಗುವಾಗ ಆದರೆ ಡ್ರೈನ್ ಪಂಪು, ಡ್ರೈನ್ ಪೈಪು. ನೀರು ಚಿಮ್ಮುವಾಗ ಮಾತ್ರ ಆದರೆ ಬಾಗಿಲು, ತೊಳೆಯುವ ಪಂಪು, ಮತ್ತು ನೀರು ಚಿಮ್ಮಿಸುವ ಭಾಗಗಳು.

ಟಿಶ್ಯೂ ಪೇಪರನ್ನು ಮಡಚಿ ಟ್ರೇಯ ಕೈಗೆಟಕುವ ಮೂಲೆಗಳಲ್ಲೂ ಮುಂದಿನ ಅಂಚಿನಲ್ಲೂ ಇಟ್ಟೆವು. ಫ್ಲೋಟಿಗೆ ತಾಗದಂತೆ ನೋಡಿಕೊಂಡೆವು. ಒಂದು ಹನಿ ಬಿದ್ದರೂ ಟಿಶ್ಯೂ ಮೇಲೆ ಕಲೆ ಉಳಿಯುತ್ತದೆ. ಮೆಷಿನ್ ಓಡುವಾಗ ಒಳಗೆ ಕೈ ಹಾಕುವಂತಿಲ್ಲ, ಟಾರ್ಚಿನಲ್ಲಿ ನೋಡುವುದು ಮಾತ್ರ. ಟಿಶ್ಯೂ ತೆಗೆಯುವಾಗ ಪ್ರತಿ ಸಲವೂ ಪ್ಲಗ್ಗು ಕೀಳಬೇಕು.

ನಲ್ಲಿ ತೆರೆದು ರಾತ್ರಿಯಿಡೀ ಬಿಟ್ಟೆವು. ಎಲ್ಲ ಒಣ. ಇಲ್ಲಿ ಒಂದು ಮಾತು ಸೇರಿಸಬೇಕು. ಕೆಲವು ಮೆಷಿನ್‌ಗಳ ಒಳಬರುವ ಪೈಪಿಗೆ ಎರಡು ಪದರ ಇದ್ದು, ನಲ್ಲಿಯ ಕಡೆಯ ತುದಿಯಲ್ಲಿ ದಪ್ಪ ಡಬ್ಬಿಯಂಥದ್ದು ಇರುತ್ತದೆ. ಒಳಗಿನ ಪೈಪು ಒಡೆದರೆ ನೀರು ಹೊರಗಿನ ಪದರದೊಳಗೇ ಹರಿದು ತಳದ ಟ್ರೇಗೆ ಬರುತ್ತದೆ, ಎಚ್ಚರಿಕೆ ಅಲ್ಲಿಂದಲೂ ಬರಬಹುದು. ಆ ಡಬ್ಬಿಯಲ್ಲಿ ಕರೆಂಟಿನ ವಾಲ್ವು ಇರುವುದುಂಟು. ಅಂಥ ಪೈಪನ್ನು ಕತ್ತರಿಸಿ ಉದ್ದ ಮಾಡಲು ಹೋಗಬಾರದು.

ಬಾಗಿಲು ತೆರೆದು ತೊಟ್ಟಿಗೆ ಕೈಯಾರೆ ಕೆಲವು ಲೀಟರ್ ನೀರು ಸುರಿದು ಬಿಟ್ಟೆವು. ಒಣ. ಆ ನೀರನ್ನು ಡ್ರೈನ್ ಮಾಡಿಸಿದೆವು. ಒಣ. ಇಕೋ ಪ್ರೋಗ್ರಾಮ್ ಪೂರ್ತಿ ಓಡಿಸಿದೆವು, ಆಗಲೂ ಒಂದು ಕಲೆ ಇಲ್ಲ.

ಇಲ್ಲಿ ಬಹಳ ಜನ ಕೈಬಿಡುತ್ತಾರೆ. ಎಲ್ಲ ಸರಿ ಇದೆಯಲ್ಲ, ಸುಮ್ನೆ ಸೆನ್ಸರ್ ಬದಲಿಸೋಣ ಅನ್ನಿಸುವುದು ಈ ಹಂತದಲ್ಲೇ. ಆದರೆ ಆ ಮಬ್ಬು ನೀರು ಎಲ್ಲಿಂದಲೋ ಬಂದಿರಲೇಬೇಕಲ್ವಾ?

ಎಚ್ಚರಿಕೆ ಬಂದ ದಿನ ಬೇರೆ, ಸೋರಿದ ದಿನ ಬೇರೆ

ಅಕ್ಕನಿಗೆ ಒಂದು ಕೆಲಸ ಹೇಳಿದೆ. ಪ್ರತಿ ಸಲ ಓಡಿಸಿದಾಗಲೂ ಯಾವ ಪ್ರೋಗ್ರಾಮ್, ಎಷ್ಟು ಪಾತ್ರೆ, ಟಿಶ್ಯೂ ಒದ್ದೆಯಾ ಒಣವಾ ಅಂತ ಒಂದು ಚೀಟಿಯಲ್ಲಿ ಬರೆದಿಡು ಅಂದೆ. "ಎಚ್ಚರಿಕೆ ಯಾವಾಗಲೂ ಇಕೋದಲ್ಲೇ ಬರೋದು ಕಣೋ, ಅದನ್ನೇ ಬರೆದರೆ ಸಾಲದಾ?" ಅಂದಳು. ಅವಳು ಹೇಳಿದ್ದು ನಿಜವೇ ಆಗಿತ್ತು. ದಿನವೂ ಹಾಕುವುದು ಇಕೋ, ಹಾಗಾಗಿ ಎಚ್ಚರಿಕೆ ಬರುತ್ತಿದ್ದದ್ದೂ ಹೆಚ್ಚಾಗಿ ಅದರಲ್ಲೇ. ಜಿಡ್ಡು ಹಿಡಿದ ದೊಡ್ಡ ಪಾತ್ರೆಗಳಿದ್ದಾಗ ಮಾತ್ರ ಇಂಟೆನ್ಸಿವ್ ಹಾಕುತ್ತಿದ್ದಳು.

ಚೀಟಿ ತುಂಬುತ್ತಾ ಬಂದಂತೆ ವಿಷಯ ಸ್ಪಷ್ಟವಾಯಿತು. ಇಕೋ ಹಾಕಿದಾಗೆಲ್ಲ ಒಣ. ಇಂಟೆನ್ಸಿವ್ ಹಾಕಿದಾಗ ಮಾತ್ರ ಮುಂದಿನ ಅಂಚಿನ ಬಲಗಡೆ ಟಿಶ್ಯೂ ಒದ್ದೆ. ಅದೂ ಬಹಳ ಅಲ್ಲ, ಒಂದೆರಡು ಚಮಚ ಇರಬಹುದು.

ಈ ಪ್ರಕರಣದ ತಿರುಳು ಇದೇ. ಫ್ಲೋಟ್ ಮೇಲೇಳುವುದಕ್ಕೆ ಟ್ರೇಯಲ್ಲಿ ಒಂದು ಮಟ್ಟದ ನೀರು ಬೇಕು. ಒಂದೆರಡು ಚಮಚ ಬಿದ್ದರೆ ಏನೂ ಆಗುವುದಿಲ್ಲ. ಹುಂಡಿಗೆ ಹಾಕಿದ ಚಿಲ್ಲರೆಯಂತೆ ಅದು ಅಲ್ಲೇ ಉಳಿಯುತ್ತದೆ. ಮುಂದಿನ ಇಂಟೆನ್ಸಿವ್‌ಗೆ ಇನ್ನಷ್ಟು ಸೇರುತ್ತದೆ. ಮಟ್ಟ ಅಂಚಿಗೆ ಬಂದಾಗ ಯಾವ ಪ್ರೋಗ್ರಾಮ್ ಓಡಿದರೂ ಸಾಕು, ಮೋಟಾರಿನ ನಡುಕಕ್ಕೆ ನೀರು ತುಳುಕಿ ಫ್ಲೋಟ್ ಎದ್ದು ಸ್ವಿಚ್ಚು ಒತ್ತುತ್ತದೆ. ಹಾಗಾಗಿ ಸೋರುತ್ತಿದ್ದದ್ದು ಒಂದು ಪ್ರೋಗ್ರಾಮ್‌ನಲ್ಲಿ, ಎಚ್ಚರಿಕೆ ಬರುತ್ತಿದ್ದದ್ದು ಇನ್ನೊಂದರಲ್ಲಿ. ಎಚ್ಚರಿಕೆ ಬಂದ ಕ್ಷಣವನ್ನೇ ಹಿಡಿದು ಹುಡುಕಿದವರಿಗೆ ಏನೂ ಸಿಗದೆ ಇದ್ದದ್ದು ಇದಕ್ಕೇ. ವಾಲಿಸಿ ನೀರು ತೆಗೆದ ಮೇಲೆ ಸ್ವಲ್ಪ ದಿನ ಆರಾಮಾಗಿ ಓಡಿದ್ದೂ ಇದಕ್ಕೇ.

ಇಕೋಗೂ ಇಂಟೆನ್ಸಿವ್‌ಗೂ ಏನು ವ್ಯತ್ಯಾಸ? ಇಕೋದಲ್ಲಿ ನೀರು ಸುಮಾರು 50 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ಇಂಟೆನ್ಸಿವ್‌ನಲ್ಲಿ 65ರಿಂದ 70ರವರೆಗೆ. ಪಂಪಿನ ವೇಗ ಬದಲಾಗುವ ಮೆಷಿನ್‌ಗಳಲ್ಲಿ ಇಂಟೆನ್ಸಿವ್ ಹೊತ್ತಿಗೆ ನೀರಿನ ರಭಸವೂ ಜಾಸ್ತಿ. ಬಿಸಿ ಮತ್ತು ರಭಸ ಎರಡೂ ಸೇರಿದಾಗ ಮಾತ್ರ ತೆರೆದುಕೊಳ್ಳುವ ಸಂದು ಎಲ್ಲೋ ಇದೆ ಅಂತ ಆಯಿತು.

ಬಾಗಿಲಿನ ಸುತ್ತ

ಒದ್ದೆ ಆಗಿದ್ದು ಮುಂದಿನ ಅಂಚು, ಆದ್ದರಿಂದ ಮೊದಲ ಅನುಮಾನ ಬಾಗಿಲಿನ ಮೇಲೆ. ಟಾರ್ಚು ಹಿಡಿದು ನೋಡಿದರೆ ತೊಟ್ಟಿಯ ಮುಂದಿನ ತುಟಿಯ ಹೊರಬದಿಯಲ್ಲಿ, ಬಲಗಡೆ, ಬಿಳಿ ಗೆರೆಗಳು ಕೆಳಗೆ ಇಳಿದಿದ್ದವು. ಗಡುಸು ನೀರು ಹರಿದು ಆರಿದ ಜಾಗದಲ್ಲಿ ಇಂಥ ಗೆರೆ ಉಳಿಯುತ್ತದೆ. ನೀರು ಅಲ್ಲಿಂದ ದಾಟಿ, ತೊಟ್ಟಿಯ ತಳಕ್ಕೆ ಅಂಟಿಕೊಂಡೇ ಹರಿದು ಟ್ರೇಗೆ ಬೀಳುತ್ತಿತ್ತು. ನೆಲಕ್ಕೆ ಒಂದು ಹನಿಯೂ ಬೀಳದೇ ಇದ್ದದ್ದು ಹೀಗೆ.

ಬಾಗಿಲಿಂದ ನೀರು ದಾಟಲು ನಾಲ್ಕೈದು ಕಾರಣ ಇರಬಹುದು. ರಬ್ಬರ್ ಹರಿದಿರಬಹುದು, ಕೊಳೆ ಕಟ್ಟಿರಬಹುದು. ನಮ್ಮ ರಬ್ಬರ್ ಮೆತ್ತಗೇ ಇತ್ತು, ಒರೆಸಿದ ಮೇಲೂ ಸೋರಿತು. ಮೆಷಿನ್ ಮುಂದಕ್ಕೆ ವಾಲಿ ನಿಂತಿದ್ದರೆ ನೀರು ತುಟಿಯ ಹತ್ತಿರ ಬರುತ್ತದೆ. ಮಟ್ಟಗೋಲು ಇಟ್ಟು ನೋಡಿದೆವು, ಸರಿ ಇತ್ತು. ನೊರೆ ಹೆಚ್ಚಾದರೂ ಬಾಗಿಲಿಂದ ಉಕ್ಕುತ್ತದೆ. ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದಾಗ, ರಿನ್ಸ್ ಏಡ್ (ಪಾತ್ರೆ ಕಲೆಯಿಲ್ಲದೆ ಒಣಗಲು ಹಾಕುವ ದ್ರವ) ಚೆಲ್ಲಿದಾಗ ಹೀಗಾಗುವುದು ಬಹಳ ಸಾಮಾನ್ಯ. ಓಡುತ್ತಿರುವಾಗ ನಿಲ್ಲಿಸಿ, ನೀರು ಚಿಮ್ಮುವುದು ನಿಂತ ಮೇಲೆ ಬಿಸಿ ಹಬೆಯಿಂದ ಮುಖ ದೂರ ಇಟ್ಟುಕೊಂಡು ಬಾಗಿಲು ತೆರೆದು ನೋಡಿದೆ. ನೊರೆ ಇಲ್ಲ.

ಉಳಿದದ್ದು ನೀರು ಚಿಮ್ಮುವ ದಿಕ್ಕು. ಡಿಶ್‌ವಾಶರ್ ಬಾಗಿಲ ಕೆಳಗಿನ ಅಂಚಿನ ಪಟ್ಟಿ ಪಕ್ಕದ ರಬ್ಬರ್‌ನಷ್ಟು ಬಿಗಿಯಾಗಿ ಕೂರುವುದಿಲ್ಲ. ಬಾಗಿಲಿಗೆ ಸಿಡಿದ ನೀರು ಇಳಿದು ಮತ್ತೆ ತೊಟ್ಟಿಗೇ ಬೀಳುವಂತೆ ನೋಡಿಕೊಳ್ಳುವುದು ಅದರ ಕೆಲಸ. ನೇರವಾಗಿ ಬಂದು ಬಡಿಯುವ ಧಾರೆಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಸರಿಯಾಗಿರುವ ಮೆಷಿನ್‌ನಲ್ಲಿ ಅಂಥ ಧಾರೆ ಅಲ್ಲಿಗೆ ಬರುವುದೂ ಇಲ್ಲ, ಯಾಕೆಂದರೆ ಕೆಳಗಿನ ಸ್ಪ್ರೇ ಆರ್ಮ್‌ನ ತೂತುಗಳು ಹೆಚ್ಚಾಗಿ ಪಾತ್ರೆಗಳ ಕಡೆಗೆ ಮೇಲ್ಮುಖವಾಗಿರುತ್ತವೆ.

ಸ್ಪ್ರೇ ಆರ್ಮ್ ಅಂದರೆ ತಿರುಗುತ್ತಾ ನೀರು ಚಿಮ್ಮಿಸುವ ಪ್ಲಾಸ್ಟಿಕ್ ರೆಕ್ಕೆ. ಕೆಳಗಿನ ಬುಟ್ಟಿ ತೆಗೆದು ರೆಕ್ಕೆಯನ್ನು ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಿತು. ಎಲ್ಲೂ ತಗುಲುತ್ತಿರಲಿಲ್ಲ. ಪಾತ್ರೆಯ ಹಿಡಿಯೋ ಸೌಟೋ ಕೆಳಗೆ ಇಳಿದು ರೆಕ್ಕೆ ನಿಂತುಹೋದರೆ ನೀರು ಒಂದೇ ಕಡೆಗೆ ಬಡಿಯುತ್ತಲೇ ಇರುತ್ತದೆ, ಹಾಗಾಗಿ ಇದನ್ನೂ ನೋಡಲೇಬೇಕು. ರೆಕ್ಕೆಯನ್ನು ಮೇಲಕ್ಕೆ ಎಳೆದು ಬಿಡಿಸಿ ಸಿಂಕಿಗೆ ತಂದೆವು. ಕೆಲವು ಮೆಷಿನ್‌ಗಳಲ್ಲಿ ತಿರುಗಿಸಿ ಬಿಡಿಸಬೇಕಾಗುತ್ತದೆ.

ಬುಡದ ತೂತಿಗೆ ನಲ್ಲಿಯ ನೀರನ್ನು ಜೋರಾಗಿ ಬಿಟ್ಟೆ. ಮೇಲಿನ ತೂತುಗಳಿಂದ ನೀರು ಚಿಮ್ಮಿತು, ಕೆಲವದರಿಂದ ಮಾತ್ರ. ಉಳಿದವು ಬಿಳಿ ಗಟ್ಟಿಯಿಂದ ಮುಚ್ಚಿಹೋಗಿದ್ದವು. ರೆಕ್ಕೆಯ ತುದಿಯಲ್ಲಿ, ಎರಡು ಪ್ಲಾಸ್ಟಿಕ್ ಹಾಳೆಗಳನ್ನು ಬೆಸೆದ ಅಂಚಿನಿಂದ, ಕೂದಲಿನಷ್ಟು ತೆಳ್ಳಗಿನ ನೀರಿನ ಹಾಳೆ ಪಕ್ಕಕ್ಕೆ ಅಡ್ಡವಾಗಿ ಬಂತು. ಬಿಸಿ ನೀರು ಬಿಟ್ಟು ಅಂಚನ್ನು ಬೆರಳಲ್ಲಿ ಮೆಲ್ಲಗೆ ಅಗಲಿಸಿದರೆ ಸೀಳು ಎದ್ದು ಕಾಣುತ್ತಿತ್ತು. "ಇಷ್ಟೇನಾ!" ಅಂದರು ಭಾವ. ಇಷ್ಟೇ. ರೆಕ್ಕೆ ತಿರುಗಿದಾಗೆಲ್ಲ ಆ ಸೀಳಿನ ನೀರು ಬಾಗಿಲ ಕೆಳಗಿನ ಅಂಚನ್ನು ಸವರಿಕೊಂಡು ಹೋಗುತ್ತಿತ್ತು. ಪಟ್ಟಿ ಬಲಗಡೆ ಸ್ವಲ್ಪ ಸಡಿಲ ಇದ್ದದ್ದರಿಂದ ದಾಟುತ್ತಿದ್ದದ್ದು ಅಲ್ಲಿ.

ರಿಪೇರಿ, ಆಮೇಲಿನ ಪರೀಕ್ಷೆ

ಸೀಳಿಗೆ ಗಮ್ ಹಾಕೋಣವಾ ಅಂತ ಭಾವ ಕೇಳಿದರು. ಬೇಡ ಅಂದೆ. ಬಿಸಿ ನೀರು, ಡಿಟರ್ಜೆಂಟಿನ ಕ್ಷಾರ ಎರಡನ್ನೂ ದಿನವೂ ತಡೆದುಕೊಳ್ಳುವ ಗಮ್ ಮನೆಯಲ್ಲಿ ಇರುವುದಿಲ್ಲ. ಎದ್ದು ಬಂದ ಗಮ್ಮಿನ ಚೂರು ಫಿಲ್ಟರ್‌ಗೋ ಪಂಪಿಗೋ ಹೋಗುತ್ತದೆ. ಬಾಗಿಲ ಅಂಚಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಮಾದರಿ ಸಂಖ್ಯೆ ಇರುತ್ತದೆ. ಅದನ್ನು ಕೊಟ್ಟು ಅದೇ ಮಾದರಿಯ ಹೊಸ ರೆಕ್ಕೆ ತರಿಸಿದೆವು. ಕೂರಿಸಲು ಯಾವ ಉಪಕರಣವೂ ಬೇಕಾಗಲಿಲ್ಲ. ನೋಡಲು ಒಂದೇ ಥರ ಕಂಡರೂ ಬೇರೆ ಮಾದರಿಯ ರೆಕ್ಕೆಯನ್ನು ಹಾಕುವುದು ಸರಿಯಲ್ಲ. ಉದ್ದ, ತೂತುಗಳ ಕೋನ ಸ್ವಲ್ಪ ಬದಲಾದರೂ ನೀರು ಬೀಳುವ ಜಾಗ ಬದಲಾಗುತ್ತದೆ.

ಹಳೆಯ ರೆಕ್ಕೆ ಯಾಕೆ ಸೀಳಿತು ಅನ್ನುವುದನ್ನೂ ನೋಡಬೇಕಿತ್ತು, ಇಲ್ಲವಾದರೆ ಹೊಸದಕ್ಕೂ ಅದೇ ಗತಿ ಬರಬಹುದು. ವಯಸ್ಸಾದ ಪ್ಲಾಸ್ಟಿಕ್ ಅನ್ನುವುದು ಒಂದು. ಇನ್ನೊಂದು, ಆ ಮುಚ್ಚಿಹೋದ ತೂತುಗಳು. ಹೊರಗೆ ಹೋಗುವ ದಾರಿ ಕಟ್ಟಿಕೊಂಡಷ್ಟೂ ರೆಕ್ಕೆಯೊಳಗಿನ ಒತ್ತಡ ಹೆಚ್ಚುತ್ತದೆ, ಬೆಸುಗೆಯ ಅಂಚಿನ ಮೇಲೆ ಭಾರ ಬೀಳುತ್ತದೆ. ಬಿಳಿ ಗಟ್ಟಿ ಕಟ್ಟಿದ್ದು ಯಾಕೆಂದರೆ ಉಪ್ಪಿನ ಡಬ್ಬಿ ಖಾಲಿಯಾಗಿತ್ತು. ಡಿಶ್‌ವಾಶರ್‌ಗೆ ಹಾಕುವ ಉಪ್ಪು ಪಾತ್ರೆಗೆ ತಾಗುವುದಿಲ್ಲ. ನೀರಿನ ಗಡುಸುತನ ಹೀರಿಕೊಳ್ಳುವ ರೆಸಿನ್ ಕಾಳುಗಳನ್ನು ಮತ್ತೆ ಮತ್ತೆ ತೊಳೆದು ಸಿದ್ಧ ಮಾಡುವುದು ಅದರ ಕೆಲಸ. ಉಪ್ಪು ಮುಗಿದರೆ ಗಡುಸು ನೀರು ಹಾಗೇ ಒಳಗೆ ಬಂದು ಕಾದು, ಸುಣ್ಣದಂಶ ಎಲ್ಲ ಕಡೆ ಕಟ್ಟಿಕೊಳ್ಳುತ್ತದೆ. ಉಪ್ಪು ತುಂಬಿಸಿ, ಮನೆಯ ನೀರಿನ ಗಡುಸಿಗೆ ತಕ್ಕಂತೆ ಮೆಷಿನ್‌ನ ಸೆಟ್ಟಿಂಗ್ ಏರಿಸಿದೆವು. ಮೇಲಿನ ರೆಕ್ಕೆಯ ತೂತುಗಳನ್ನೂ ಹಲ್ಲುಕಡ್ಡಿಯಿಂದ ಬಿಡಿಸಿದೆವು.

ಹೊಸ ರೆಕ್ಕೆ ಹಾಕಿದ ಕೂಡಲೇ ಕೆಳಗಿನ ಮುಚ್ಚುಹಲಗೆ ಹಾಕಲಿಲ್ಲ. ಟಿಶ್ಯೂಗಳನ್ನು ಮತ್ತೆ ಇಟ್ಟು ಬೇಕೆಂದೇ ಇಂಟೆನ್ಸಿವ್ ಮಾತ್ರ ಓಡಿಸುತ್ತಾ ಹೋದೆವು. ತಪ್ಪು ಇದ್ದದ್ದು ಅದರಲ್ಲೇ ಆದ್ದರಿಂದ ಇಕೋದಲ್ಲಿ ಒಣಗಿದ್ದು ಲೆಕ್ಕಕ್ಕೆ ಬರುವುದಿಲ್ಲ. ಖಾಲಿ ಮೆಷಿನ್, ತುಂಬಿದ ಮೆಷಿನ್ ಎರಡೂ ಆಯಿತು. ಬಲಗಡೆಯ ಟಿಶ್ಯೂ ಒಣಗಿಯೇ ಇತ್ತು. ಬಿಳಿ ಗೆರೆಗಳನ್ನು ಒರೆಸಿಟ್ಟಿದ್ದೆವು, ಹೊಸ ಗೆರೆ ಮೂಡಲಿಲ್ಲ. ಆಮೇಲೆ ಮುಚ್ಚುಹಲಗೆ ಹಾಕಿ ಸ್ಕ್ರೂ ಬಿಗಿದೆವು. ಎಚ್ಚರಿಕೆ ಮತ್ತೆ ಬಂದಿಲ್ಲ.

ಬಾಗಿಲ ಕೆಳಗಿನ ಅಂಚಿನ ಆ ಸಡಿಲ ಪಟ್ಟಿಯನ್ನು ಜೊತೆಗೇ ಬದಲಿಸಿಬಿಡೋಣ ಅಂತ ಅಕ್ಕ ಹೇಳಿದಳು. ನಾನು ತಡೆದೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಸರಿಯಾದದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಹಳೆಯ ಪಟ್ಟಿ ಇದ್ದೂ ಟ್ರೇ ಒಣಗಿರುವುದರಿಂದ ಸದ್ಯಕ್ಕೆ ಅದನ್ನು ಹಾಗೇ ಬಿಟ್ಟಿದ್ದೇವೆ. ಫಿಲ್ಟರ್ ತೊಳೆಯುವಾಗೆಲ್ಲ ಅಕ್ಕ ರೆಕ್ಕೆಯನ್ನೂ ಬಿಡಿಸಿ ನಲ್ಲಿ ಕೆಳಗೆ ಹಿಡಿದು ಅಂಚು ನೋಡುತ್ತಾಳೆ, ತಿಂಗಳಿಗೊಮ್ಮೆ ಟಾರ್ಚು ಬಿಟ್ಟು ಆ ಬಲಗಡೆಯ ತುಟಿಯನ್ನೂ ನೋಡುತ್ತಾಳೆ. ಮತ್ತೆ ಬಿಳಿ ಗೆರೆ ಕಂಡರೆ ಆಗ ಬದಲಿಸಬೇಕಾದದ್ದು ಆ ಪಟ್ಟಿ.